ಕಿಟ್ಟವಿಲ್ಲದ ಕುಲುಮೆ: ‘ಡ್ವಾರ್ಫ್ ಫೋರ್ಟ್ರೆಸ್’ ಆಟದ ಲೋಹಕಲ್ಪನೆ ಮತ್ತು ಗಡಿನಾಡಿನ ಕಬ್ಬಿಣ

ಗಣಿಯನ್ನೂ ಕುಲುಮೆಯನ್ನೂ ಕಥೆಯ ಹಿನ್ನೆಲೆಯಾಗಿ ಬಳಸಿಕೊಂಡ ಕೃತಿಗಳು ಅನೇಕ. ಅದಿರು ಸಿಗುವ ಬಗೆ, ಅದು ಕರಗುವ ಕ್ರಮ, ಕರಗಿದ ಲೋಹದಿಂದ ಒಂದು ಜನಸಮುದಾಯದ ಬದುಕು ರೂಪುಗೊಳ್ಳುವ ರೀತಿ, ಇವನ್ನೇ ವಸ್ತುವಾಗಿ ಮಾಡಿಕೊಂಡ ಕೃತಿಗಳು ವಿರಳ. ಆ ವಿರಳ ಕೃತಿಗಳ ಸಾಲಿನಲ್ಲಿ ‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಗಣಕ ಆಟಕ್ಕೆ ಮುಖ್ಯ ಸ್ಥಾನವಿದೆ. ಟಾರ್ನ್ ಆಡಮ್ಸ್ ಮತ್ತು ಜಾಕ್ ಆಡಮ್ಸ್ ಎಂಬ ಇಬ್ಬರು ಅಮೆರಿಕನ್ ಸಹೋದರರು 2002ರಲ್ಲಿ ಇದರ ರಚನೆಗೆ ತೊಡಗಿದರು. 2006ರ ಆಗಸ್ಟ್‌ನಲ್ಲಿ ಇದು ಸಾರ್ವಜನಿಕರಿಗೆ ಉಚಿತವಾಗಿ ದೊರೆಯಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಆರಿಸಿಕೊಂಡ ಮೊದಲ ಹದಿನಾಲ್ಕು ಆಟಗಳಲ್ಲಿ ಇದೂ ಒಂದು. 2022ರ ಡಿಸೆಂಬರ್ 6ರಂದು ಚಿತ್ರರೂಪದ ಮಾರಾಟದ ಆವೃತ್ತಿ ಹೊರಬಂದ ಮೇಲೆ ಭಾರತದ ಕಾಲೇಜು ವಿದ್ಯಾರ್ಥಿಗಳ ನಡುವೆಯೂ ಇದರ ಹೆಸರು ಕೇಳಿಬರತೊಡಗಿತು.

ಆಟದ ಚೌಕಟ್ಟು ಸರಳವಾದದ್ದು. ಏಳು ಮಂದಿ ಕುಬ್ಜರು ಒಂದು ಬಂಡಿ ಸಾಮಾನಿನೊಂದಿಗೆ ನಿರ್ಜನ ನೆಲೆಯೊಂದಕ್ಕೆ ಬಂದಿಳಿಯುತ್ತಾರೆ. ಅವರಲ್ಲಿ ಪಿಕಾಸಿ ಹಿಡಿದವನು ಬೆಟ್ಟವನ್ನು ಅಗೆಯುತ್ತಾನೆ. ಅಗೆದ ಪೊಳ್ಳಿನಲ್ಲಿ ವಸತಿ, ಉಗ್ರಾಣ, ಕುಲುಮೆಗಳು ಏಳುತ್ತವೆ. ವಲಸಿಗರು ಬಂದು ಸೇರುತ್ತಾರೆ. ವಸಾಹತು ಬೆಳೆಯುತ್ತದೆ ಮತ್ತು ಬಹುಮಟ್ಟಿಗೆ ಒಂದು ದಿನ ಅಳಿಯುತ್ತದೆ. ಗೆಲುವು ಎಂಬುದು ಈ ಆಟದಲ್ಲಿ ಇಲ್ಲ. ಇಂಥ ಕೃತಿಯನ್ನು ಕನ್ನಡದ ಸಂಶೋಧನಾ ಪತ್ರಿಕೆಯೊಂದರಲ್ಲಿ, ಅದೂ ಹೊಸೂರು–ಕೃಷ್ಣಗಿರಿ ಸೀಮೆಯ ಓದುಗರ ಮುಂದೆ, ವಿಮರ್ಶೆಗೆ ಎತ್ತಿಕೊಳ್ಳಲು ಕಾರಣವಿದೆ. ಕಬ್ಬಿಣದ ಬಹು ಪ್ರಾಚೀನ ಕುರುಹುಗಳು ಈ ಸೀಮೆಯ ನೆಲದಲ್ಲಿವೆ. ಚಿನ್ನದ ಆಳವಾದ ಗಣಿಗಳು ಇದರ ಮಗ್ಗುಲಲ್ಲಿವೆ. ಲೋಹದ ಮಾತುಗಳು ಇಲ್ಲಿ ಎರಡು ಮೂರು ಭಾಷೆಗಳ ನಡುವೆ ಓಡಾಡಿವೆ. ಆಟವು ಲೋಹವನ್ನು ಎಷ್ಟು ಬಲ್ಲದು ಎಂಬುದನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಒರೆಗಲ್ಲು ಸಿಗುವುದು ಕಷ್ಟ.

ಕಲ್ಲಿನ ಜ್ಞಾನ

ಮೊದಲು ಆಟದ ಹಿರಿಮೆಯನ್ನು ಹೇಳಬೇಕು. ಹೆಚ್ಚಿನ ಆಟಗಳಲ್ಲಿ ‘ಲೋಹ’ ಎಂಬುದು ಒಂದು ಗುರುತು, ಒಂದು ಸಂಖ್ಯೆ. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ನೆಲವು ಪದರಪದರವಾಗಿದೆ: ಜಲಜ ಶಿಲೆ, ರೂಪಾಂತರ ಶಿಲೆ, ಒಳಗೇ ತಣಿದ ಅಗ್ನಿಶಿಲೆ, ಮೇಲೆ ಹರಿದು ತಣಿದ ಅಗ್ನಿಶಿಲೆ. ಯಾವ ಪದರದಲ್ಲಿ ಯಾವ ಅದಿರು ಎಂಬುದಕ್ಕೆ ನಿಯಮವಿದೆ. ಕಬ್ಬಿಣಕ್ಕೆ ಹೆಮಟೈಟ್, ಮ್ಯಾಗ್ನಟೈಟ್, ಲಿಮೊನೈಟ್ ಎಂಬ ಮೂರು ಅದಿರುಗಳು, ತವರಕ್ಕೆ ಕ್ಯಾಸಿಟರೈಟ್, ಸತುವಿಗೆ ಸ್ಫ್ಯಾಲರೈಟ್. ಗ್ಯಾಲಿನಾವನ್ನು ಕರಗಿಸಿದರೆ ಸೀಸದೊಂದಿಗೆ ಕೆಲವೊಮ್ಮೆ ಬೆಳ್ಳಿಯೂ ದೊರೆಯುತ್ತದೆ. ತಾಮ್ರ ಮತ್ತು ತವರ ಕೂಡಿ ಕಂಚು, ತಾಮ್ರ ಮತ್ತು ಸತು ಕೂಡಿ ಹಿತ್ತಾಳೆ. ಅಗೆಯುವಾಗ ಕಲ್ಲು ತೇವವಾಗಿದ್ದರೆ ಕೆಲಸ ತಾನಾಗಿ ನಿಲ್ಲುತ್ತದೆ, ಮುಂದೆ ನೀರಿದೆ ಎಂಬ ಎಚ್ಚರಿಕೆ ಬರುತ್ತದೆ. ಕಲ್ಲು ಬಿಸಿಯಾಗಿದ್ದರೆ ಶಿಲಾಪಾಕ ಹತ್ತಿರದಲ್ಲಿದೆ ಎಂದರ್ಥ. ಆಧಾರವಿಲ್ಲದ ಚಾವಣಿ ಕುಸಿಯುತ್ತದೆ, ದೂಳೆದ್ದು ಕೆಲಸಗಾರರು ಪ್ರಜ್ಞೆ ತಪ್ಪುತ್ತಾರೆ. ಭೂವಿಜ್ಞಾನದ ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಆಟವಾಡುತ್ತಲೇ ಕಲಿಯಬಹುದು ಎಂದರೆ ಅತಿಶಯೋಕ್ತಿಯಾಗದು.

ಇಂಧನದ ವಿಷಯದಲ್ಲಿಯೂ ಆಟಕ್ಕೆ ಎಚ್ಚರವಿದೆ. ಕಲ್ಲಿದ್ದಲು ಸಿಗದ ನೆಲೆಯಲ್ಲಿ ಮರ ಕಡಿದು ಇದ್ದಿಲು ಸುಡಬೇಕು. ಕಡಿತ ಮಿತಿಮೀರಿದರೆ ಕಾಡಿನ ಜನಾಂಗದ ದೂತರು ಬಂದು ವರ್ಷಕ್ಕೆ ಇಷ್ಟೇ ಮರ ಎಂಬ ಕಟ್ಟಳೆ ಕೇಳುತ್ತಾರೆ. ಕಬ್ಬಿಣದ ಚರಿತ್ರೆಯು ಕಾಡಿನ ಚರಿತ್ರೆಯೂ ಹೌದೆಂಬ ಅರಿವು ಇಲ್ಲಿದೆ. ಸೇಲಂ ಸೀಮೆಯ ಕಂಜಮಲೈ ಅದಿರನ್ನು ನಂಬಿ ಜೋಸಯಾ ಮಾರ್ಷಲ್ ಹೀತ್ 1830ರ ದಶಕದಲ್ಲಿ ಪರಂಗಿಪೇಟೆಯಲ್ಲಿ ನಡೆಸಿದ ಕಾರ್ಖಾನೆಯನ್ನು ಕಾಡಿದ ತೊಡಕುಗಳಲ್ಲಿ ಇದ್ದಿಲಿನ ಅಭಾವ ಮುಖ್ಯವಾದದ್ದೆಂದು ಬಲ್ಲವರಿಗೆ ಆಟದ ಈ ಅಂಶ ಅರ್ಥಪೂರ್ಣವಾಗಿ ತೋರುತ್ತದೆ.

ಆಳವೊಂದೇ ದಾರಿಯೆ?

ಆದರೆ ಇದೇ ನಿಯಮಾವಳಿಯನ್ನು ಕೃಷ್ಣಗಿರಿಯ ನೆಲಕ್ಕೆ ಅನ್ವಯಿಸಿದರೆ ವಿಚಿತ್ರವೊಂದು ಎದುರಾಗುತ್ತದೆ. ಆಟದಲ್ಲಿ ಮ್ಯಾಗ್ನಟೈಟ್ ಮತ್ತು ಲಿಮೊನೈಟ್ ಜಲಜ ಶಿಲೆಯ ಪದರಗಳಲ್ಲಿ ಮಾತ್ರ ಸಿಗುತ್ತವೆ; ಹೆಮಟೈಟ್ ಅವುಗಳಲ್ಲಿ ಮತ್ತು ಮೇಲೆ ಹರಿದು ತಣಿದ ಅಗ್ನಿಶಿಲೆಯಲ್ಲಿ ಸಿಗುತ್ತದೆ. ಹೊಸೂರಿನಿಂದ ಕೃಷ್ಣಗಿರಿಯವರೆಗಿನ ನೆಲವೋ ಬಹುಪಾಲು ನೈಸ್ ಮತ್ತು ಗ್ರಾನೈಟ್. ನೈಸ್ ರೂಪಾಂತರ ಶಿಲೆ. ಗ್ರಾನೈಟ್ ಒಳಗೇ ತಣಿದ ಅಗ್ನಿಶಿಲೆ. ಆಟದ ಲೆಕ್ಕದಲ್ಲಿ ಇಲ್ಲಿ ಕೋಟೆ ಕಟ್ಟಿದ ಕುಬ್ಜರಿಗೆ ಕಬ್ಬಿಣದ ಒಂದು ಗಟ್ಟಿಯೂ ದೊರೆಯಲಾರದು.

ವಾಸ್ತವದಲ್ಲಿ ಇದೇ ಜಿಲ್ಲೆಯ ಮಯಿಲಾಡುಂಪಾರೈ ನೆಲೆಯ ಉತ್ಖನನದಿಂದ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂಬ ಕಾಲನಿರ್ಣಯವನ್ನು ತಮಿಳುನಾಡು ಸರಕಾರ 2022ರ ಮೇ ತಿಂಗಳಲ್ಲಿ ವಿಧಾನಸಭೆಯಲ್ಲಿ ಪ್ರಕಟಿಸಿತು. 2025ರ ಜನವರಿಯಲ್ಲಿ ಬಿಡುಗಡೆಯಾದ ವರದಿ ತೂತ್ತುಕುಡಿ ಜಿಲ್ಲೆಯ ಶಿವಗಳೈಯ ಆಧಾರದಿಂದ ಈ ಕಾಲವನ್ನು ಇನ್ನೂ ಹಿಂದಕ್ಕೆ ಒಯ್ದಿತು. ಈ ಕಾಲನಿರ್ಣಯಗಳ ಕುರಿತು ವಿದ್ವಾಂಸರ ಚರ್ಚೆ ಮುಂದುವರಿಯಬಹುದು. ಪರ್ಯಾಯದ್ವೀಪದ ಈ ಪುರಾತನ ಶಿಲಾನೆಲದಲ್ಲಿ ಕಬ್ಬಿಣ ತಯಾರಾಗುತ್ತಿತ್ತು ಎಂಬುದರಲ್ಲಿ ವಿವಾದವಿಲ್ಲ. ಕಂಜಮಲೈಯ ಮ್ಯಾಗ್ನಟೈಟ್ ರೂಪಾಂತರ ಶಿಲೆಯಲ್ಲಿಯೇ ಪಟ್ಟೆಪಟ್ಟೆಯಾಗಿ ನಿಂತಿದೆ.

ಇದನ್ನು ಒಂದು ತಪ್ಪು ಹುಡುಕಿದಂತೆ ಹೇಳಿ ಮುಗಿಸಲಾಗದು. ಅದರ ಹಿಂದೆ ಹೆಚ್ಚಿನ ವಿಷಯವೊಂದಿದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಪ್ರವಾಸವರದಿಯಲ್ಲಿ ಮಾಗಡಿ, ಚನ್ನರಾಯನದುರ್ಗದ ಸುತ್ತಿನ ಕಬ್ಬಿಣದ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ. ಅಲ್ಲಿ ಅದಿರಿನ ಒಂದು ಮುಖ್ಯ ಮೂಲ ಕಪ್ಪು ಮರಳು. ಮಳೆಗಾಲದಲ್ಲಿ ಬೆಟ್ಟದ ಮೇಲಿಂದ ಹರಿದುಬರುವ ತೊರೆಗಳು ತಂದು ಹಾಕಿದ ಮರಳನ್ನು ತೊಳೆದು, ಹಗುರವಾದದ್ದನ್ನು ನೀರಿಗೆ ಬಿಟ್ಟು, ಭಾರವಾದದ್ದನ್ನು ಕುಲುಮೆಗೆ ಒಯ್ಯುತ್ತಿದ್ದರು. ಗಣಿ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಮಳೆಯೇ ಅದಿರನ್ನು ಒಡೆದು, ಹೊತ್ತು ತಂದು, ಬೇರ್ಪಡಿಸುವ ಅರ್ಧ ಕೆಲಸ ಮುಗಿಸುತ್ತಿತ್ತು. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿಯೂ ಕಪ್ಪು ಮರಳು ಇದೆ. ಆದರೆ ಅಲ್ಲಿ ಅದರಿಂದ ಗಾಜು ಮಾಡಬಹುದೇ ಹೊರತು ಕಬ್ಬಿಣವನ್ನಲ್ಲ.

ಲೋಹವೆಂದರೆ ಆಳ, ಆಳವೆಂದರೆ ಅಗೆತ ಎಂಬುದು ಯುರೋಪಿನ ಗಣಿಕಥನದ ಮೂಲಪ್ರತಿಮೆ. ಜರ್ಮನ್ ಬೆಟ್ಟಸೀಮೆಯ ಗಣಿಗಳು, ಅವುಗಳ ಸುತ್ತ ಹುಟ್ಟಿದ ಕುಬ್ಜರ ಐತಿಹ್ಯಗಳು, ಆ ಐತಿಹ್ಯಗಳನ್ನು ಬಳಸಿಕೊಂಡ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾಲ್ಪನಿಕ ಸಾಹಿತ್ಯ, ಆಟದ ವಂಶಾವಳಿ ಇದು. ಹೊಳೆಯ ದಂಡೆಯಲ್ಲಿ ಕುಳಿತು ಮರಳು ತೊಳೆಯುವವರನ್ನು ಈ ಪ್ರತಿಮೆ ಲೋಹಗಾರರೆಂದು ಗುರುತಿಸಲಾರದು. ಹೀಗಾಗಿ ಆಟದ ಭೂವಿಜ್ಞಾನ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಿರನ್ನು ಹುಡುಕುವ ಬಗೆಯ ಕಲ್ಪನೆ ಒಂದೇ ಆಗಿ ಉಳಿದಿದೆ.

ಉಕ್ಕಿನ ಪಾಕ

ಆಟದಲ್ಲಿ ಉಕ್ಕು ಮಾಡುವ ಕ್ರಮ ಮೆಚ್ಚುವಂಥದ್ದು. ಅದಿರನ್ನು ಕರಗಿಸಿ ಕಬ್ಬಿಣದ ಗಟ್ಟಿ ಪಡೆಯಬೇಕು. ಒಂದು ಗಟ್ಟಿಗೆ ಇದ್ದಿಲನ್ನೂ ಸುಣ್ಣಕಲ್ಲು, ಅಮೃತಶಿಲೆ ಮುಂತಾದ ದ್ರಾವಕ ಕಲ್ಲನ್ನೂ ಸೇರಿಸಿ ಬೀಡು ಮಾಡಬೇಕು. ಆ ಬೀಡನ್ನು ಮತ್ತೊಂದು ಕಬ್ಬಿಣದ ಗಟ್ಟಿ, ಇದ್ದಿಲು, ದ್ರಾವಕ ಕಲ್ಲುಗಳೊಂದಿಗೆ ಕರಗಿಸಿದರೆ ಎರಡು ಗಟ್ಟಿ ಉಕ್ಕು. ಇಂಗಾಲ ಹೆಚ್ಚಿರುವ ಮತ್ತು ಕಡಿಮೆಯಿರುವ ಎರಡು ಬಗೆಯ ಕಬ್ಬಿಣವನ್ನು ಕೂಡಿಸಿ ನಡುವಣ ಹದ ತರುವ ಈ ತತ್ತ್ವ ಕೇವಲ ಕಲ್ಪನೆಯಲ್ಲ. ಚೀನಾದಲ್ಲಿಯೂ ತೆಲಂಗಾಣದ ಕೋನಸಮುದ್ರದಲ್ಲಿಯೂ ಇಂಥ ಪದ್ಧತಿ ದಾಖಲಾಗಿದೆ.

ಕನ್ನಡ ಮತ್ತು ತಮಿಳು ಸೀಮೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಕ್ರಮ ಬೇರೆ. ಮೆದು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ಗಿಡದ ಕಡ್ಡಿ ಮತ್ತು ಹಸಿ ಎಲೆಗಳನ್ನು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಪೇರಿಸಿ ಊದುತ್ತಿದ್ದರು. ಬುಕಾನನ್ ಹೆಸರಿಸುವ ಕಡ್ಡಿ ತಂಗಡಿಯದು. ತಮಿಳಿನಲ್ಲಿ ಆವಾರೈ, ತೆಲುಗಿನಲ್ಲಿ ತಂಗೇಡು. ಹೊಸೂರು ಸೀಮೆಯ ಬಯಲಿನಲ್ಲಿ ಇಂದಿಗೂ ಹಳದಿ ಹೂ ಬಿಡುವ ಆ ಗಿಡವೇ ಕಬ್ಬಿಣಕ್ಕೆ ಇಂಗಾಲ ಕೊಟ್ಟು ಉಕ್ಕಾಗಿಸಿದ್ದು. ಲೋಹಚರಿತ್ರೆಯ ವಿದ್ವಾಂಸೆ ಶಾರದಾ ಶ್ರೀನಿವಾಸನ್ 1990ರ ದಶಕದಲ್ಲಿ ತಮಿಳುನಾಡಿನ ಮೇಲ್‌ಸಿರುವಲೂರಿನ ಮೂಸೆಯ ಚೂರುಗಳನ್ನು ಪರೀಕ್ಷಿಸಿ ಇಂಥ ಉಕ್ಕಿನ ತಯಾರಿಕೆಯ ನೆಲೆಯೊಂದನ್ನು ಬೆಳಕಿಗೆ ತಂದರು.

ಎರಡು ಕ್ರಮಗಳ ನಡುವಣ ಮುಖ್ಯ ಅಂತರ ಪಾಕದ್ದಲ್ಲ, ಕೆಲಸದ್ದು. ಆಟದ ಕುಲುಮೆಯಲ್ಲಿ ತಿದಿಯಿಲ್ಲ. ಒಬ್ಬ ಕುಬ್ಜ ಅದಿರು ಮತ್ತು ಇದ್ದಿಲನ್ನು ತಂದಿಟ್ಟು ಸ್ವಲ್ಪ ಹೊತ್ತು ನಿಂತರೆ ಸಾಕು, ಗಟ್ಟಿಗಳು ಸಿದ್ಧ. ಗಾಳಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಹಳೆಯ ಕುಲುಮೆಗಳಲ್ಲಿಯೋ ತಿದಿ ಒತ್ತುವುದೇ ಎಲ್ಲಕ್ಕಿಂತ ಬಳಲಿಸುವ ಕೆಲಸ; ಗಾಳಿ ನಿಂತರೆ ಕಾವು ಇಳಿದು ಇಡೀ ದಿನದ ಶ್ರಮ ಹಾಳು. ಬುಕಾನನ್ ಒಂದು ಕುಲುಮೆಗೆ ಎಷ್ಟು ಜನ ಬೇಕು, ಅವರಲ್ಲಿ ಇದ್ದಿಲು ಸುಡುವವರು, ಅದಿರು ತರುವವರು, ತಿದಿ ಒತ್ತುವವರು, ಸುತ್ತಿಗೆ ಹೊಡೆಯುವವರು ಯಾರು, ಗಳಿಕೆ ಇವರೊಳಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೆಲ್ಲ ಎಣಿಸಿ ಬರೆದದ್ದು ಕಂಪನಿ ಸರಕಾರದ ಲಾಭನಷ್ಟದ ದೃಷ್ಟಿಯಿಂದಲೇ ಇರಬಹುದು. ಆದರೂ ಆ ಎಣಿಕೆಯಿಂದಾಗಿ ಕುಲುಮೆಯ ಸುತ್ತ ಒಂದು ಸಮಾಜ ಕಾಣಿಸುತ್ತದೆ. ಎರಡು ಶತಮಾನಗಳ ಬಳಿಕ ಬಂದ, ಪ್ರತಿ ಕುಬ್ಜನ ಹಲ್ಲು ಮತ್ತು ಬೆರಳುಗಳ ಲೆಕ್ಕವನ್ನೂ ಇಡಬಲ್ಲ ಆಟದಲ್ಲಿ ಆ ಸಮಾಜ ಒಬ್ಬ ಕೆಲಸಗಾರನಿಗೆ ಇಳಿದಿದೆ.

ಕಿಟ್ಟದ ಸಾಕ್ಷ್ಯ

ತಿದಿಯಂತೆ ಕಿಟ್ಟವೂ ಆಟದಲ್ಲಿ ಇಲ್ಲ. ಅದಿರು ಒಳಗೆ ಹೋಗುತ್ತದೆ, ಲೋಹ ಹೊರಬರುತ್ತದೆ, ಉಳಿಕೆ ಎಂಬುದಿಲ್ಲ. ಅಗೆತದಲ್ಲಿಯೂ ಹಾಗೆಯೇ: ಅಗೆದ ಕಲ್ಲಿನ ಬಹುಪಾಲು ಗುರುತಿಲ್ಲದೆ ಮಾಯವಾಗುತ್ತದೆ.

ಪುರಾತತ್ತ್ವ ಬಲ್ಲ ಓದುಗರಿಗೆ ಇದು ಸಣ್ಣ ಸಂಗತಿಯಾಗಿ ಕಾಣಲಾರದು. ಕಬ್ಬಿಣ ತುಕ್ಕು ಹಿಡಿದು ಮಣ್ಣಾಗುತ್ತದೆ. ಆಯುಧವನ್ನು ಮುರಿದು ಮತ್ತೆ ಕರಗಿಸುತ್ತಾರೆ. ಗುಳ, ಕುಡುಗೋಲುಗಳು ಸವೆದುಹೋಗುತ್ತವೆ. ಉಳಿಯುವುದು ಕಿಟ್ಟದ ದಿಬ್ಬ, ಕುಲುಮೆಯ ಸುಟ್ಟ ಗೋಡೆ, ಊದುಗೊಳವೆಯ ಚೂರು, ಒಡೆದ ಮೂಸೆ. ಈರೋಡು ಜಿಲ್ಲೆಯ ಕೊಡುಮಣಲ್ ಕಬ್ಬಿಣದ ನೆಲೆಯೆಂದು ಖಚಿತವಾದದ್ದು ಇಂಥ ಉಳಿಕೆಗಳಿಂದ. ಹೊಲ ಉಳುವಾಗ ಕಪ್ಪಗೆ ಭಾರವಾದ ತೂತುಗಲ್ಲುಗಳು ಸಿಕ್ಕರೆ ಅಲ್ಲೊಂದು ಕಾಲದಲ್ಲಿ ಕುಲುಮೆಯಿತ್ತು ಎಂದು ಊಹಿಸಲು ಅವಕಾಶವಾಗುವುದು ಕಿಟ್ಟದಿಂದಲೇ.

ಕಿಟ್ಟವು ಸಾಕ್ಷ್ಯವಷ್ಟೇ ಆಗಿರದೆ ಹೊರೆಯೂ ಆಗಿರುತ್ತದೆ. ಕೃಷ್ಣಗಿರಿಯ ಗಡಿಗೆ ಸಮೀಪವಿರುವ ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ಬೇರೆಡೆಗೆ ಹೋಯಿತು. ಸೈನೈಡಿನಿಂದ ಸಂಸ್ಕರಿಸಿದ ಮಣ್ಣಿನ ದಿಬ್ಬಗಳು ಊರಿನ ನಡುವೆ ನಿಂತವು. ಬೇಸಿಗೆಯ ಗಾಳಿಗೆ ಅವುಗಳ ದೂಳು ಮನೆಗಳ ಮೇಲೆ ಬೀಳುತ್ತದೆ. ಗಣಿಯ ಕಥೆಯನ್ನು ಅದರ ಉಳಿಕೆಯಿಲ್ಲದೆ ಹೇಳುವುದೆಂದರೆ ಆ ದಿಬ್ಬಗಳ ನೆರಳಿನಲ್ಲಿ ವಾಸಿಸುವವರನ್ನು ಬಿಟ್ಟು ಹೇಳುವುದು.

ಆಳ ಮತ್ತು ಅಪಾಯ

ಆಟದ ಅತ್ಯಂತ ಪ್ರಸಿದ್ಧ ಲೋಹ ‘ಅಡಮಂಟೈನ್’. ನೆಲದ ತೀರ ಆಳದಲ್ಲಿ ಕಂಬದಂತೆ ನಿಂತಿರುವ ಈ ಕಾಲ್ಪನಿಕ ಲೋಹವನ್ನು ಎಳೆಎಳೆಯಾಗಿ ಬಿಡಿಸಿ ತೆಗೆಯಬೇಕು. ಅದರ ಒಳಪೊಳ್ಳನ್ನು ಭೇದಿಸಿದರೆ ಪಾತಾಳದ ಭೂತಗಳು ಮೇಲೆದ್ದು ವಸಾಹತನ್ನು ನಾಶಮಾಡುತ್ತವೆ. ಅತಿಯಾಸೆಗೆ ತಕ್ಕ ಶಾಸ್ತಿ ಎಂಬ ನೀತಿ ಇಲ್ಲಿ ಸ್ಪಷ್ಟ. ಈ ಪ್ರಸಂಗವನ್ನು ಆಟಗಾರರು ವರ್ಷಗಳಿಂದ ಮೆಲುಕುಹಾಕುತ್ತ ಬಂದಿದ್ದಾರೆ.

ಕೋಲಾರದ ಗಣಿಗಳ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಸಂಸ್ಥೆ ಕೆಲಸ ಕೈಗೊಂಡ ಮೇಲೆ ನೂರಿಪ್ಪತ್ತು ವರ್ಷ ಇಳಿದ ಆಳವಿದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬೆಳಗಿದ್ದು ಈ ಗಣಿಗಳನ್ನು. ಕೆಳಗೆ ಬಂಡೆಯೇ ಸುಡುವಂತಿದ್ದುದರಿಂದ ಗಾಳಿಯನ್ನು ತಂಪುಗೊಳಿಸುವ ಯಂತ್ರಗಳನ್ನು ಅಳವಡಿಸಬೇಕಾಯಿತು. ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಕೆಲಸಗಾರರು ಸಾಯುತ್ತಿದ್ದರು. ಮೇಲಿನ ಊರಿನಲ್ಲಿ ನೆಲ ಅದುರಿದಾಗ ಮನೆಮಂದಿ ಗಣಿಯ ಬಾಯಿಗೆ ಓಡುತ್ತಿದ್ದರು. ಸಿಡಿತದಿಂದ ಪಾರಾದವರಲ್ಲಿ ಅನೇಕರನ್ನು ಸಿಲಿಕೋಸಿಸ್ ನಿಧಾನವಾಗಿ ಕೊಂದಿತು.

ಆಟದಲ್ಲಿ ಗಣಿಗಾರನಿಗೆ ಈ ಕಾಯಿಲೆಯಿಲ್ಲ. ಬಹುಕಾಲ ನೆಲದಡಿಯಲ್ಲಿದ್ದ ಕುಬ್ಜ ಬಿಸಿಲಿಗೆ ಬಂದರೆ ತಲೆಸುತ್ತಿ ವಾಂತಿಮಾಡಿಕೊಳ್ಳುತ್ತಾನೆ, ಅಷ್ಟೆ. ಅಗೆದಷ್ಟೂ ಅವನ ಮೈ ಗಟ್ಟಿಯಾಗುತ್ತದೆ, ಕೈಚಳಕ ಹೆಚ್ಚುತ್ತದೆ. ಅಂದರೆ ಆಟಕ್ಕೆ ಆಕಸ್ಮಿಕ ಗೊತ್ತು, ಸವೆತ ಗೊತ್ತಿಲ್ಲ. ಒಂದು ದುರಾಸೆಯ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಸಾಯಬಹುದು; ಒಬ್ಬೊಬ್ಬರಾಗಿ, ಕೆಲಸದ ಕಾರಣಕ್ಕೇ, ಕೆಲಸ ನಿಂತ ಎಷ್ಟೋ ವರ್ಷಗಳ ನಂತರ ಸಾಯುವುದು ಅದರ ಕಲ್ಪನೆಯಲ್ಲಿಲ್ಲ. ಅಪಾಯವನ್ನು ಭೂತದ ರೂಪದಲ್ಲಿ ಕಾಣಿಸಿದಾಗ ಹೊಣೆ ಪಾತಾಳದ್ದಾಗುತ್ತದೆ. ದೂಳಿನ ರೂಪದಲ್ಲಿ ಕಾಣಿಸಿದ್ದರೆ ಹೊಣೆ ಯಾರದೆಂದು ಕೇಳಬೇಕಾಗುತ್ತಿತ್ತು.

ಕಬ್ಬಿಣ ಯಾರದು?

ಆಟವು ಅಧಿಕಾರವನ್ನು ಪೂರ್ತಿ ಮರೆತಿದೆ ಎನ್ನುವಂತಿಲ್ಲ. ವಸಾಹತು ಬೆಳೆದಂತೆ ಮುಖ್ಯಸ್ಥರು, ಶ್ರೀಮಂತರು ಹುಟ್ಟಿಕೊಳ್ಳುತ್ತಾರೆ. ‘ಇಂಥ ವಸ್ತುವನ್ನು ಇಷ್ಟು ದಿನದಲ್ಲಿ ಮಾಡಿ’, ‘ಇಂಥದನ್ನು ಹೊರಗೆ ಮಾರಬೇಡಿ’ ಎಂದು ಅಪ್ಪಣೆ ಹೊರಡಿಸುತ್ತಾರೆ. ಅಪ್ಪಣೆ ಈಡೇರದಿದ್ದರೆ ಯಾರೋ ಒಬ್ಬ ಕಸುಬುದಾರನಿಗೆ ಸೆರೆ ಇಲ್ಲವೆ ಏಟು. ಹಳೆಯ ಆವೃತ್ತಿಗಳಲ್ಲಿ ನಾಣ್ಯ, ಕೂಲಿ, ಕೋಣೆಯ ಬಾಡಿಗೆಗಳ ವ್ಯವಸ್ಥೆಯೂ ಇತ್ತು. ಅಸಾಧಾರಣ ಕುಶಲಿಗರಿಗೆ ಅದರಿಂದ ವಿನಾಯಿತಿ. 2010ರ ಆವೃತ್ತಿಯಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. ಅಂದಿನಿಂದ ಕಬ್ಬಿಣ ಕೋಟೆಗೆ ಸೇರಿದ್ದು, ಎಲ್ಲರದು, ಅಂದರೆ ಆಟಗಾರನದು.

ಇದಕ್ಕೆದುರಾಗಿ ಮಂಟೇಸ್ವಾಮಿ ಕಾವ್ಯದ ಹಲಗೂರಿನ ಭಾಗವನ್ನು ನೆನೆಯಬಹುದು. ನೀಲಗಾರರು ಹಾಡುವ ಈ ಮಹಾಕಥನದಲ್ಲಿ ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಸಿದ್ದಪ್ಪಾಜಿಯೂ ಆಚಾರಿ ಮನೆತನದಲ್ಲಿ ಹುಟ್ಟಿದವನೇ. ಪಾಂಚಾಳರು ಕೊಡಲೊಪ್ಪದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಅವನ್ನೆಲ್ಲ ದಾಟುತ್ತಾನೆ. ಕಥೆ ಪವಾಡದ್ದಾದರೂ ಅದರ ನಡುವಿರುವ ಪ್ರಶ್ನೆ ಲೌಕಿಕವಾದದ್ದು: ಕಬ್ಬಿಣ ಯಾರ ವಶದಲ್ಲಿದೆ, ಅದನ್ನು ಕೊಡುವ ಅಥವಾ ಕೊಡದಿರುವ ಹಕ್ಕು ಯಾರಿಗೆ, ಕಸುಬಿನ ಒಡೆತನಕ್ಕೂ ಜಾತಿಗೂ ಧರ್ಮಕ್ಕೂ ಏನು ಸಂಬಂಧ? ಕಾವ್ಯದಲ್ಲಿ ಭೂಗರ್ಭಶಾಸ್ತ್ರವಿಲ್ಲ, ಅದಿರಿನ ವರ್ಗೀಕರಣವಿಲ್ಲ. ಆದರೂ ಲೋಹವು ಮನುಷ್ಯರ ನಡುವಣ ಸಂಬಂಧವೆಂಬ ತಿಳಿವಳಿಕೆಯಲ್ಲಿ ಅದು ಆಟಕ್ಕಿಂತ ಮುಂದಿದೆ. ಆಟದಲ್ಲಿ ಒಬ್ಬ ಕುಬ್ಜ ಇನ್ನೊಬ್ಬನಿಗೆ ‘ಕಬ್ಬಿಣ ಕೊಡೆನು’ ಎನ್ನುವ ಸನ್ನಿವೇಶ ಬರುವಂತೆಯೇ ಇಲ್ಲ.

ಒಂದಕ್ಕೊಂದು ಸರಿಹೊಂದುವ ಭಾಷೆಗಳು

ದ್ವಿಭಾಷಿಕ ಓದುಗರಿಗೆ ಎಲ್ಲಕ್ಕಿಂತ ಮುಖ್ಯವೆನಿಸಬೇಕಾದ ಸಂಗತಿ ಆಟದ ಭಾಷೆಗಳದು. ಕುಬ್ಜರು, ಮನುಷ್ಯರು, ಕಾಡಿನ ಜನಾಂಗ, ಗಾಬ್ಲಿನ್‌ಗಳು, ಈ ನಾಲ್ವರಿಗೂ ಒಂದೊಂದು ಭಾಷೆಯನ್ನು ರಚನೆಕಾರರು ಒದಗಿಸಿದ್ದಾರೆ; ಒಂದೊಂದರಲ್ಲಿಯೂ ಸುಮಾರು ಎರಡು ಸಾವಿರ ಪದಗಳಿವೆ. ಊರು, ವ್ಯಕ್ತಿ, ಆಯುಧಗಳ ಹೆಸರುಗಳು ಈ ಪದಗಳಿಂದಲೇ ಕಟ್ಟಿದವು. ಆದರೆ ನಾಲ್ಕು ಭಾಷೆಗಳಿಗೂ ಆಧಾರವಾದದ್ದು ಒಂದೇ ಇಂಗ್ಲಿಷ್ ಪದಪಟ್ಟಿ. ಪಟ್ಟಿಯ ಒಂದೊಂದು ಪದಕ್ಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಧ್ವನಿರೂಪ. ಇವಕ್ಕೆ ವ್ಯಾಕರಣವಿಲ್ಲ, ಎರವಲಿಲ್ಲ, ಅರ್ಥವ್ಯತ್ಯಾಸವಿಲ್ಲ, ಎರಡು ಭಾಷೆ ಆಡುವ ಮನೆಯಿಲ್ಲ. ಕಿಟ್ಟವಿಲ್ಲದ ಕುಲುಮೆಯಂತೆಯೇ ಇದು ಉಳಿಕೆಯಿಲ್ಲದ ಅನುವಾದ.

ಲೋಹದ ಮಾತುಗಳ ನಿಜವಾದ ಚರಿತ್ರೆ ಹೀಗಿಲ್ಲ. ತಮಿಳಿನಲ್ಲಿ ಉಕ್ಕಿಗೆ ‘ಉರುಕ್ಕು’ ಎಂಬ ಮಾತಿದೆ; ಕರಗಿಸು ಎಂಬರ್ಥದ ‘ಉರುಕ್ಕು’ ಕ್ರಿಯಾಪದ ಅದರ ಪಕ್ಕದಲ್ಲಿಯೇ ಇರುವುದರಿಂದ ಮಾತನಾಡುವವನಿಗೆ ಆ ಲೋಹದ ಹುಟ್ಟು ಮಾತಿನಲ್ಲಿಯೇ ಕಾಣುತ್ತದೆ. ‘ಎಃಕು’ ಎಂಬ ಇನ್ನೊಂದು ಮಾತೂ ಅಲ್ಲಿದೆ. ಕನ್ನಡದಲ್ಲಿ ಅದೇ ಧಾತುವಿನ ‘ಉರ್ಕು’ ರೇಫವನ್ನು ಕಳೆದುಕೊಂಡು ‘ಉಕ್ಕು’ ಆಯಿತು. ಇಂದಿನ ಕನ್ನಡಿಗನ ಕಿವಿಗೆ ಅದು ಹಾಲು ಉಕ್ಕುವ ‘ಉಕ್ಕು’ವಿನೊಂದಿಗೆ ಬೆರೆಯುತ್ತದೆ. ಕನ್ನಡದ ‘ಕಬ್ಬಿಣ’ ಹಳೆಯ ‘ಕರ್ಬುನ’ದಿಂದ ಬಂದದ್ದು, ಅಂದರೆ ಕರಿಯ ಹೊನ್ನು, ತಮಿಳಿನ ದಿನಬಳಕೆಯ ಮಾತು ‘ಇರುಂಬು’. ಒಂದೇ ಕುಲುಮೆಯ ಮುಂದೆ ನಿಂತ ಇಬ್ಬರಿಗೆ ಈ ಮಾತುಗಳು ಒಂದೇ ವಸ್ತುವನ್ನು ತೋರಿಸಿದರೂ ಬೇರೆಬೇರೆ ನೆನಪನ್ನು ಕೊಡುತ್ತವೆ.

ಇದೇ ‘ಉಕ್ಕು’ ಕಡಲು ದಾಟಿದಾಗ ಏನಾಯಿತೆಂಬುದೂ ತಿಳಿದದ್ದೇ. 1790ರ ದಶಕದಲ್ಲಿ ಬೊಂಬಾಯಿಯಿಂದ ಲಂಡನ್ನಿಗೆ ಹೋದ ಉಕ್ಕಿನ ಮಾದರಿಗಳ ಮೇಲೆ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಅಲ್ಲಿ ಆ ಲೋಹದ ಹೆಸರು ‘ವೂಟ್ಸ್’. ಕನ್ನಡದ ‘ಉಕ್ಕು’ ಬರೆಹದಲ್ಲಿಯೋ ಅಚ್ಚಿನಲ್ಲಿಯೋ ಕೆಟ್ಟು ಹೀಗಾಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ತಯಾರಿಸಿದವರ ಭಾಷೆಯಲ್ಲಿ ಇಲ್ಲದ ಒಂದು ಮಾತು ಲೋಹಶಾಸ್ತ್ರದ ಪಾರಿಭಾಷಿಕ ಪದವಾಗಿ ನಿಂತಿತು. ಪದವೂ ಅದಿರಿನಂತೆ ಕರಗುತ್ತದೆ, ಕೆಡುತ್ತದೆ, ಕಿಟ್ಟ ಬಿಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಗಣಿಯ ಊರುಗಳು ಬಹುಭಾಷಿಕವಾಗಿರುವುದೂ ಆಕಸ್ಮಿಕವಲ್ಲ. ಕೋಲಾರದ ಗಣಿಗಳು ಮೈಸೂರು ಸಂಸ್ಥಾನದ ನೆಲದಲ್ಲಿದ್ದವು. ಇಳಿದು ಅಗೆದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳರು ಮತ್ತು ತೆಲುಗರು, ಅವರಲ್ಲಿ ಬಹುಪಾಲು ದಲಿತರು. ಮೇಲ್ವಿಚಾರಕರ ಭಾಷೆ ಇಂಗ್ಲಿಷು. ಇಂದಿನ ಕೃಷ್ಣಗಿರಿ ಜಿಲ್ಲೆ ಆಗ ಸೇಲಂ ಜಿಲ್ಲೆಯ ಭಾಗ. ಹೊಸೂರು ಸೀಮೆಯ ಕನ್ನಡಿಗರು ತಮಿಳುನಾಡಿನಲ್ಲಿ ಅಲ್ಪಸಂಖ್ಯಾತರಾದಂತೆ ಗಣಿಯ ತಮಿಳರು ಕರ್ನಾಟಕದಲ್ಲಿ ಅಲ್ಪಸಂಖ್ಯಾತರು. ಎರಡು ಸಮುದಾಯಗಳ ಮಾತಿನಲ್ಲಿಯೂ ಲೋಹದ ಚರಿತ್ರೆ ಅಡಗಿದೆ. ಎರಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದುವ ಕೆಲಸ ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಸಲ್ಲಬೇಕಾದದ್ದು. ಒಂದು ವಸಾಹತಿಗೆ ಒಂದೇ ಭಾಷೆ ಎಂಬ ಆಟದ ಕಲ್ಪನೆಯನ್ನು ಪ್ರಶ್ನಿಸಲು ಈ ನೆರೆಹೊರೆಯಿಂದಲೇ ಸಾಕ್ಷ್ಯ ದೊರೆಯುತ್ತದೆ.

ಸತ್ತವರ ಹೆಸರು

ಒಂದು ವಿಷಯದಲ್ಲಿ ಆಟ ಈ ಸೀಮೆಯ ಸಂಸ್ಕೃತಿಗೆ ಅನಿರೀಕ್ಷಿತವಾಗಿ ಹತ್ತಿರವಾಗುತ್ತದೆ. ಸತ್ತ ಕುಬ್ಜನಿಗೆ ಸಂಸ್ಕಾರವಾಗದಿದ್ದರೆ ಅವನು ಪ್ರೇತವಾಗಿ ಅಲೆಯುತ್ತಾನೆ. ಶವ ಸಿಗದಿದ್ದರೆ ಕಲ್ಲಿನ ಹಲಗೆಯ ಮೇಲೆ ಅವನ ಹೆಸರು ಕೆತ್ತಿ ನಿಲ್ಲಿಸಬೇಕು. ಆಗ ಅವನು ಶಾಂತನಾಗುತ್ತಾನೆ. ಕೃಷ್ಣಗಿರಿ, ಧರ್ಮಪುರಿ ಸೀಮೆಗಳು ವೀರಗಲ್ಲುಗಳಿಗೆ ಹೆಸರಾದವು. ತಮಿಳಿನಲ್ಲಿ ಅವು ನಡುಕಲ್. ತುರುಗಳನ್ನು ಕಾಯುತ್ತ, ಊರಿಗಾಗಿ ಹೋರಾಡುತ್ತ ಮಡಿದವರನ್ನು ಅವು ನೆನೆಯುತ್ತವೆ. ಆಟದ ಕಲ್ಲು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಅಲ್ಲಿ ವೀರನಾಗಬೇಕಿಲ್ಲ, ಅಗೆಯುತ್ತ ಸತ್ತ ಹಮಾಲನಿಗೂ ಹೆಸರಿನ ಕಲ್ಲು ಸಲ್ಲಬೇಕು, ಇಲ್ಲವಾದರೆ ಕೋಟೆಗೆ ನೆಮ್ಮದಿಯಿಲ್ಲ. ದೂಳನ್ನೂ ಕಿಟ್ಟವನ್ನೂ ಮರೆತ ಆಟ ಸತ್ತವರ ಲೆಕ್ಕವನ್ನು ಮರೆಯಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಆಟವೆಂದ ಮೇಲೆ ಸರಳೀಕರಣ ಅನಿವಾರ್ಯ, ತಿದಿ ಒತ್ತುವವನನ್ನು ತೋರಿಸದಿದ್ದರೆ ನಷ್ಟವೇನು ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಈ ಆಟದ ಹೆಗ್ಗಳಿಕೆಯೇ ಸರಳೀಕರಿಸದಿರುವುದು. ಕುಬ್ಜನೊಬ್ಬ ಯಾವ ಕಲ್ಲನ್ನು ಇಷ್ಟಪಡುತ್ತಾನೆ, ಯಾರ ಸಾವಿಗೆ ಅತ್ತ, ಗೋಡೆಯ ಮೇಲೆ ಏನನ್ನು ಕೆತ್ತಿದ ಎಂಬುದನ್ನೆಲ್ಲ ನೆನಪಿಡುವ ಕೃತಿ ಯಾವುದನ್ನು ಬಿಟ್ಟಿದೆ ಎಂಬುದು ಆದ್ಯತೆಯ ಪ್ರಶ್ನೆಯಾಗುತ್ತದೆಯೇ ಹೊರತು ಸಾಮರ್ಥ್ಯದ ಪ್ರಶ್ನೆಯಾಗುವುದಿಲ್ಲ. ಅದು ಕಲ್ಲನ್ನು ಕಂಡಿದೆ, ಕುಶಲತೆಯನ್ನು ಕಂಡಿದೆ, ದುರಾಸೆಯನ್ನು ಕಂಡಿದೆ. ಒಟ್ಟುಗೂಡಿದ ದುಡಿಮೆ, ಅದರ ಉಳಿಕೆ, ಅದರ ಮಿಶ್ರಭಾಷೆ ಇವು ಅದರ ಕಣ್ಣಿಗೆ ಬಿದ್ದಿಲ್ಲ.

ಇದರಿಂದ ಹೊಸೂರು ಸೀಮೆಗೆ ಒದಗುವ ಪಾಠವೇನು? ಆಟದ ಅದಿರು, ಪಾಕ, ಪದಪಟ್ಟಿಗಳೆಲ್ಲ ಸಾದಾ ಪಠ್ಯಕಡತಗಳಲ್ಲಿವೆ, ಬೇಕಾದವರು ತಿದ್ದಬಹುದು. ನೈಸ್ ಪದರದಲ್ಲಿ ಮ್ಯಾಗ್ನಟೈಟ್ ಇರಿಸುವುದು, ಮೂಸೆಯ ಉಕ್ಕಿಗೆ ತಂಗಡಿಯ ಕಡ್ಡಿ ಬೇಡುವ ಪಾಕವನ್ನು ಸೇರಿಸುವುದು ಒಬ್ಬ ವಿದ್ಯಾರ್ಥಿಯ ಕೆಲವು ಸಂಜೆಗಳ ಕೆಲಸ. ಆದರೆ ಐದನೆಯ ಭಾಷೆಯಾಗಿ ಕನ್ನಡವನ್ನು ಸೇರಿಸಹೊರಟರೆ ಎರಡು ಅಡ್ಡಿಗಳು. ಒಂದು, ಮೊದಲಿನಿಂದಲೂ ಆಟವನ್ನು ಕಟ್ಟಿರುವುದು ಹಳೆಯ ಗಣಕಗಳ 437ನೆಯ ಅಕ್ಷರಸಂಕೇತದ ಮೇಲೆ. ಅದರಲ್ಲಿ ಭಾರತದ ಯಾವ ಲಿಪಿಗೂ ಸ್ಥಾನವಿಲ್ಲ. ಇನ್ನೊಂದು ಅಡ್ಡಿ ಹೊರಗಿನದಲ್ಲ. ಕುಲುಮೆಯ ಪದಗಳನ್ನು ಒದಗಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅವಲಪಲ್ಲಿ ಈಗ ಹೊಸೂರು ನಗರದ ಅಂಚು. ಅದರ ಮಗ್ಗುಲಲ್ಲಿ ಲಾರಿ, ಮೋಟಾರ್ ಸೈಕಲ್, ಕೈಗಡಿಯಾರಗಳು ತಯಾರಾಗುವ ಕೈಗಾರಿಕಾ ನಗರವಿದೆ. ಲೋಹದ ಕೆಲಸ ಇಲ್ಲಿ ನಿಂತಿಲ್ಲ, ಅದರ ಭಾಷೆ ಬದಲಾಗಿದೆ. ಯಂತ್ರದ ಮುಂದೆ ನಿಂತ ತರುಣನಿಗೆ ಇಂಗ್ಲಿಷ್ ಮತ್ತು ತಮಿಳಿನ ಪದಗಳು ಸಾಕಾಗುತ್ತವೆ. ತಿದಿ, ಇಕ್ಕಳ, ಅಡಿಗಲ್ಲು, ಬೆಸುಗೆ, ಎರಕ, ಹದ, ಕಿಟ್ಟ ಎಂಬ ಮಾತುಗಳನ್ನು ಬಳಸಿ ಕೆಲಸ ಮಾಡಿದ ಕಮ್ಮಾರರು ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆಯ ಹಳ್ಳಿಗಳಲ್ಲಿ ವೃದ್ಧರಾಗಿದ್ದಾರೆ.

ಈ ಪದಗಳನ್ನು ತಮಿಳು, ತೆಲುಗು ಸಮಾನಪದಗಳೊಂದಿಗೆ, ಅರ್ಥದ ಅಂತರಗಳೊಂದಿಗೆ, ಯಾವ ಕೆಲಸದ ನಡುವೆ ಯಾರು ಆಡಿದರೆಂಬ ವಿವರದೊಂದಿಗೆ ಸಂಗ್ರಹಿಸುವುದು ಗಡಿನಾಡಿನ ಕನ್ನಡ ಅಧ್ಯಯನದ ಮುಂದಿರುವ ತುರ್ತಿನ ಕೆಲಸ. ಅಂಥ ಕೋಶವು ಆಟದ ಪದಪಟ್ಟಿಯಂತೆ ಒಂದಕ್ಕೊಂದು ಸರಿಹೊಂದುವ ಸಾಲುಗಳಾಗಿ ಬಾರದು. ಒಂದು ಭಾಷೆಯಲ್ಲಿ ಮೂರು ಮಾತುಗಳಿರುವೆಡೆ ಇನ್ನೊಂದರಲ್ಲಿ ಒಂದೂ ಇರಲಾರದು, ಕೆಲವು ಮಾತು ಯಾವ ಭಾಷೆಯದೆಂದು ಕಮ್ಮಾರರೇ ಹೇಳಲಾರರು. ಆ ಅಸಮತೆಯನ್ನು ತಿದ್ದದೆ ದಾಖಲಿಸಬೇಕು. ಮಯಿಲಾಡುಂಪಾರೈಯ ಮಣ್ಣಿನಿಂದ ನಾಲ್ಕು ಸಾವಿರ ವರ್ಷದ ಕಬ್ಬಿಣ ಹೊರಬಂದಿದೆ. ಕಳೆದ ನೂರು ವರ್ಷದ ಕಬ್ಬಿಣದ ಮಾತು ಮಣ್ಣಾಗುವ ಮೊದಲು ಬರೆದುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.